ಅನ್ನ ಬಿಡಿಸುವ ಮೊದಲು ಸಂಜೆಯನ್ನು ನೋಡಿ

ಪ್ರಶ್ನೆ: ನನ್ನ ಮಗನಿಗೆ 14 ವರ್ಷ, ಒಂಬತ್ತನೇ ಕ್ಲಾಸು. ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟ. ಎಂಟನೇ ಕ್ಲಾಸಿಗೆ ಅವನನ್ನು ಶಿವಮೊಗ್ಗದ ಶಾಲೆಗೆ ಸೇರಿಸಿ, ನಾನೂ ಅವನೂ ವಿನೋಬನಗರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದೇವೆ. ಯಜಮಾನರು ತೋಟ ನೋಡಿಕೊಂಡು ಊರಲ್ಲೇ ಇದ್ದಾರೆ, ಶನಿವಾರ ಬರುತ್ತಾರೆ. ಬಂದಾಗ ಮಗ 152 ಸೆಂಟಿಮೀಟರ್, 49 ಕೆಜಿ ಇದ್ದ. ಒಂದೂವರೆ ವರ್ಷದಲ್ಲಿ 160 ಸೆಂಟಿಮೀಟರ್, 68 ಕೆಜಿ ಆಗಿದ್ದಾನೆ. ಮನೆ ಊಟ ಊರಲ್ಲಿ ಮಾಡುತ್ತಿದ್ದದ್ದೇ. ಬೆಳಗ್ಗೆ ತಿಂಡಿ ಬೇಡ ಅನ್ನುತ್ತಾನೆ, ಪೌಡರ್ ಹಾಕಿದ ಹಾಲು ಕುಡಿದು ವ್ಯಾನ್ ಹತ್ತುತ್ತಾನೆ. ಸಂಜೆ ಶಾಲೆಯಿಂದ ಸೀದಾ ಟ್ಯೂಷನ್, ಮನೆಗೆ ಬರುವುದು ಎಂಟಕ್ಕೆ. ಊಟ ಒಂಬತ್ತೂವರೆ, ಮಲಗುವುದು ಹನ್ನೆರಡು. ಅವನ ಅಪ್ಪನೂ ದಪ್ಪ. ಇದು ಥೈರಾಯ್ಡ್ ಇರಬಹುದಾ? ಅನ್ನ ಪೂರ್ತಿ ಬಿಡಿಸಿ ಚಪಾತಿ ಕೊಡಲಾ? ಪರಿಚಯದವರೊಬ್ಬರು ತೂಕ ಇಳಿಸುವ ಪೌಡರ್ ತಂದುಕೊಟ್ಟಿದ್ದಾರೆ, ಕೊಡಬಹುದಾ?

ಉತ್ತರ: ಮೊದಲು ಲೆಕ್ಕ ಮುಗಿಸೋಣ. ತೂಕವನ್ನು ಮೀಟರಿನ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವುದೇ ಬಿಎಂಐ. ನಿಮ್ಮ ಮಗನದು ಈಗ 26.6. ದೊಡ್ಡವರ ಗಡಿಗಳನ್ನು ಮಕ್ಕಳಿಗೆ ಹಾಕಬಾರದು, ಅವರಿಗೆ ವಯಸ್ಸಿಗೊಂದು ಗಡಿ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಪ್ರಕಾರ 14 ತುಂಬಿದ ಹುಡುಗನಿಗೆ 21.8ರ ಮೇಲೆ ಹೋದರೆ ತೂಕ ಜಾಸ್ತಿ, 25.9ರ ಮೇಲೆ ಹೋದರೆ ಬೊಜ್ಜು. ಅಂದರೆ ಗಡಿ ದಾಟಿದ್ದಾನೆ, ಆದರೆ ಬಹಳ ದೂರ ಹೋಗಿಲ್ಲ. ಊರು ಬಿಡುವಾಗ ಅವನ ಬಿಎಂಐ ಸುಮಾರು 21 ಇತ್ತು, ಆಗಲೂ ಸ್ವಲ್ಪ ಗುಂಡಗೇ ಇದ್ದ. ಈ ವಯಸ್ಸಲ್ಲಿ ವರ್ಷಕ್ಕೆ ಐದಾರು ಕೆಜಿ ಏರುವುದು ಮಾಮೂಲು. ಒಂದೂವರೆ ವರ್ಷಕ್ಕೆ 19 ಕೆಜಿ ಮಾಮೂಲಲ್ಲ. ಒಂದು ಟೇಪ್ ತೆಗೆದುಕೊಂಡು ಅವನ ಹೊಟ್ಟೆಯ ಸುತ್ತಳತೆಯನ್ನೂ ನೋಡಿ. ಎತ್ತರದ ಅರ್ಧಕ್ಕಿಂತ, ಅಂದರೆ 80 ಸೆಂಟಿಮೀಟರಿಗಿಂತ ಜಾಸ್ತಿ ಇದ್ದರೆ ಕೊಬ್ಬು ಸೇರುತ್ತಿರುವುದು ಹೊಟ್ಟೆಯಲ್ಲಿ ಎಂದು ಅರ್ಥ. ಮುಂದೆ ತೊಂದರೆ ಕೊಡುವುದು ಅದೇ.

ಥೈರಾಯ್ಡ್ ಬಗ್ಗೆ ಎಲ್ಲ ಅಮ್ಮಂದಿರೂ ಕೇಳುತ್ತಾರೆ. ಹಾರ್ಮೋನಿನ ಕಾಯಿಲೆಯಿಂದ ದಪ್ಪಗಾಗುವ ಮಕ್ಕಳು ಬಹಳ ಕಮ್ಮಿ, ಮತ್ತು ಆ ಮಕ್ಕಳ ಎತ್ತರ ಸಾಮಾನ್ಯವಾಗಿ ನಿಂತುಹೋಗಿರುತ್ತದೆ. ನಿಮ್ಮ ಮಗ ಎಂಟು ಸೆಂಟಿಮೀಟರ್ ಬೆಳೆದಿದ್ದಾನೆ. ಹಾಗಾಗಿ ಥೈರಾಯ್ಡ್ ಮೇಲೆ ನನಗೆ ಅನುಮಾನ ಕಡಿಮೆ. ರಕ್ತ ಪರೀಕ್ಷೆಯಲ್ಲಿ ಟಿಎಸ್ಎಚ್ (ಥೈರಾಯ್ಡ್ ಹೇಗೆ ಕೆಲಸ ಮಾಡುತ್ತಿದೆ ಎಂದು ತಿಳಿಯಲು ನೋಡುವ ಹಾರ್ಮೋನು) ಸ್ವಲ್ಪ ಜಾಸ್ತಿ ಬಂದರೂ ಗಾಬರಿ ಬೇಡ. ದಪ್ಪ ಇರುವ ಮಕ್ಕಳಲ್ಲಿ ತೂಕದ ಕಾರಣಕ್ಕೇ ಅದು ಕೊಂಚ ಏರಿರುತ್ತದೆ, ತೂಕ ಸರಿಯಾದರೆ ತಾನೇ ಇಳಿಯುತ್ತದೆ.

ಅಪ್ಪ ದಪ್ಪ ಇರುವುದು ಲೆಕ್ಕಕ್ಕೆ ಬರುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಈ ಅಂಕಿ ನೋಡಿ. ನಮ್ಮ ದೇಶದಲ್ಲಿ 5ರಿಂದ 19 ವರ್ಷದೊಳಗಿನ ಬೊಜ್ಜಿನ ಮಕ್ಕಳು 1990ರಲ್ಲಿ ಸುಮಾರು 4 ಲಕ್ಷ ಇದ್ದರು. 2022ಕ್ಕೆ ಸುಮಾರು 1.25 ಕೋಟಿ. ಮೂವತ್ತು ವರ್ಷದಲ್ಲಿ ಒಂದು ದೇಶದ ವಂಶವಾಹಿ ಬದಲಾಗುವುದಿಲ್ಲ, ಬದಲಾಗಿದ್ದು ಮಕ್ಕಳು ದಿನ ಕಳೆಯುವ ರೀತಿ. ಅಪ್ಪನಿಂದ ಬಂದಿರುವುದು ಬೇಗ ದಪ್ಪಗಾಗುವ ಗುಣ. ಅದೇ ಗುಣ ಊರಲ್ಲಿದ್ದಾಗಲೂ ಇತ್ತು ಅಲ್ವಾ, ಆಗ ಯಾಕೆ ಇಷ್ಟು ಏರಲಿಲ್ಲ?

"ಮನೆ ಊಟ ಊರಲ್ಲಿ ಮಾಡುತ್ತಿದ್ದದ್ದೇ" ಎಂದು ಬರೆದಿದ್ದೀರಿ. ನಿಜ ಇರಬಹುದು. ಅಡುಗೆ ಅದೇ, ದಿನ ಬೇರೆ. ನಿಮ್ಮ ಕಡೆಯ ಮನೆಗಳು ರಸ್ತೆ ಪಕ್ಕದಲ್ಲಿರುವುದು ಅಪರೂಪ. ಬಸ್ಸಿಳಿದು ಗುಡ್ಡ ಹತ್ತಿ, ಸಂಕ ದಾಟಿ, ತೋಟದೊಳಗೆ ಹಾದು ಮನೆ ಸೇರಬೇಕು. ಬಂದ ಮೇಲೂ ಮಕ್ಕಳು ಕೂರುವುದಿಲ್ಲ. ಕೊಟ್ಟಿಗೆಗೆ ಹೋಗುತ್ತಾರೆ, ಹಳ್ಳಕ್ಕೆ ಹೋಗುತ್ತಾರೆ, ಕೊಯ್ಲಿನ ಕಾಲದಲ್ಲಿ ಉದುರಿದ ಅಡಿಕೆ ಹೆಕ್ಕುತ್ತಾರೆ. ಯಾರೂ ಅದನ್ನು ವ್ಯಾಯಾಮ ಎಂದು ಕರೆಯಲಿಲ್ಲ, ಆದರೆ ದಿನಕ್ಕೆ ಒಂದೂವರೆ ಎರಡು ಗಂಟೆ ಮೈ ಆಡುತ್ತಿತ್ತು. ಈಗ ವ್ಯಾನ್ ಗೇಟಿಗೇ ಬರುತ್ತದೆ. ಶಾಲೆಯಲ್ಲಿ ಕೂರುತ್ತಾನೆ, ಟ್ಯೂಷನ್ನಲ್ಲಿ ಕೂರುತ್ತಾನೆ, ಮನೆಗೆ ಬಂದು ಮತ್ತೆ ಕೂರುತ್ತಾನೆ. ಪಿಟಿ ಪೀರಿಯಡ್ಡನ್ನು ಗಣಿತದವರೋ ವಿಜ್ಞಾನದವರೋ ತೆಗೆದುಕೊಂಡಿರುತ್ತಾರೆ, ಕೇಳಿ ನೋಡಿ. ಅಷ್ಟು ನಡೆದು ತಿನ್ನುತ್ತಿದ್ದ ಹುಡುಗನಿಗೆ ಬಡಿಸುತ್ತಿದ್ದ ಊಟವೇ ಈಗ ಕೂತ ಹುಡುಗನಿಗೆ ಹೋಗುತ್ತಿದೆ. ಅದರ ಮೇಲೆ ನಿಮ್ಮ ಕಾಗದದಲ್ಲಿ ಬಾರದೇ ಇರುವ ಒಂದು ಊಟವೂ ಇದೆ.

ಅದು ಸಂಜೆಯದು. ಶಾಲೆ ಬಿಟ್ಟು ಟ್ಯೂಷನ್ ಶುರುವಾಗುವ ನಡುವೆ ಒಂದು ಗಂಟೆಯಾದರೂ ಇರುತ್ತದೆ. ಆ ಹೊತ್ತಿನಲ್ಲಿ ಅವನ ಕೈಯಲ್ಲಿ ಮೂವತ್ತೋ ನಲವತ್ತೋ ರೂಪಾಯಿ ಇರುತ್ತದೆ, ನೀವೇ ಕೊಟ್ಟಿರುತ್ತೀರಿ, ಪಾಪ ಹಸಿದಿರುತ್ತಾನೆ ಎಂದು. ಟ್ಯೂಷನ್ ಮುಂದೆ ಗೋಬಿ ಗಾಡಿ ಇರುತ್ತದೆ, ಪಕ್ಕದಲ್ಲಿ ಬೇಕರಿ, ಎದುರಿಗೆ ಎಗ್ ರೈಸ್. ಶಾಲೆಯ ಒಳಗೆ ಮತ್ತು ಸುತ್ತ 50 ಮೀಟರಿನಲ್ಲಿ ಎಣ್ಣೆ, ಸಕ್ಕರೆ, ಉಪ್ಪು ಜಾಸ್ತಿ ಇರುವ ತಿಂಡಿ ಮಾರಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಅದು ಎಷ್ಟರಮಟ್ಟಿಗೆ ನಡೆಯುತ್ತಿದೆ ಎನ್ನುವುದು ಬೇರೆ ಮಾತು, ಆದರೆ ಆ ನಿಯಮ ಶಾಲೆಗೆ, ಟ್ಯೂಷನ್ನಿಗಲ್ಲ. ನಮ್ಮ ಮಕ್ಕಳಿಗೆ ಹೆಚ್ಚು ಹಸಿವಾಗುವುದು ಟ್ಯೂಷನ್ ಹೊತ್ತಿಗೆ.

ಆ ಹಸಿವು ಸುಳ್ಳಲ್ಲ, ಇದನ್ನು ಮೊದಲು ಒಪ್ಪಿಕೊಳ್ಳಿ. ಬೆಳಗ್ಗೆ ತಿಂಡಿ ತಿಂದಿಲ್ಲ. ಮಧ್ಯಾಹ್ನದ ಡಬ್ಬಿಯಲ್ಲಿ ಹೆಚ್ಚು ದಿನ ಚಿತ್ರಾನ್ನವೋ ಪುಳಿಯೋಗರೆಯೋ ಇರುತ್ತದೆ, ಅದರಲ್ಲಿ ಅನ್ನ ಮತ್ತು ಎಣ್ಣೆ ಬಿಟ್ಟರೆ ಕಾಳಿಲ್ಲ, ಪಲ್ಯ ಇಲ್ಲ, ಮೊಸರೂ ಇಲ್ಲ, ಎರಡು ಗಂಟೆಯೊಳಗೆ ಕರಗಿಹೋಗುತ್ತದೆ. ಹಿಂದಿನ ರಾತ್ರಿ ನಿದ್ದೆ ಬೇರೆ ಆಗಿಲ್ಲ. ಬೆಳೆಯುವ ಹುಡುಗ. ನಾಲ್ಕೂವರೆಗೆ ಅವನ ಹೊಟ್ಟೆ ಕೇಳುವುದು ಬಾಳೆಹಣ್ಣನ್ನಲ್ಲ, ಕರಿದದ್ದು ಮತ್ತು ಸಿಹಿಯನ್ನು. ಬೈದರೆ ಕದ್ದು ತಿನ್ನುತ್ತಾನೆ ಅಷ್ಟೇ.

ಐವತ್ತು ಗ್ರಾಂ ಚಿಪ್ಸ್ ಪ್ಯಾಕೆಟ್ಟಿನಲ್ಲಿ ಸುಮಾರು 270 ಕ್ಯಾಲೊರಿ ಇರುತ್ತದೆ. ಅವನ ತೂಕದವರು ಅಷ್ಟನ್ನು ಕರಗಿಸಲು ಹತ್ತಿರ ಹತ್ತಿರ ಒಂದು ಗಂಟೆ ಚುರುಕಾಗಿ ನಡೆಯಬೇಕು. ಕಾಲು ಲೀಟರ್ ಕೋಲಾದಲ್ಲಿ 25 ಗ್ರಾಮಿಗೂ ಮೇಲೆ ಸಕ್ಕರೆ, ಅಂದರೆ ಐದು ಟೀ ಚಮಚ. ಮಾವಿನ ಜ್ಯೂಸ್ ಎಂದು ಮಾರುವ ಬಾಟಲಿಯೂ ಕಮ್ಮಿಯಿಲ್ಲ, ಲೇಬಲ್ ತಿರುಗಿಸಿ ಓದಿ. ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ 25 ಗ್ರಾಮಿನ ಒಳಗಿದ್ದರೆ ಒಳ್ಳೆಯದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಬೆಳಗ್ಗೆ ಹಾಲಿಗೆ ಹಾಕುವ ಪೌಡರ್ರೂ ಈ ಲೆಕ್ಕಕ್ಕೇ ಸೇರುತ್ತದೆ. ಅಂಥ ಪುಡಿಗಳನ್ನು ಹೆಲ್ತ್ ಡ್ರಿಂಕ್ ಎಂಬ ಪಟ್ಟಿಯಲ್ಲಿ ಹಾಕಬೇಡಿ ಎಂದು ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಅಂಗಡಿಗಳಿಗೆ ಹೇಳಿತ್ತು. ಹಾಲು ಕೊಡಿ, ಪುಡಿ ಬೇಡ.

ಹಾಗಾಗಿ ನೀವು ಮೊದಲು ಕೈ ಹಾಕಬೇಕಾದದ್ದು ಅನ್ನಕ್ಕಲ್ಲ, ಶಾಲೆ ಬಿಟ್ಟಾಗಿನಿಂದ ಮಲಗುವವರೆಗಿನ ಹೊತ್ತಿಗೆ. ಅದೊಂದನ್ನು ಸರಿ ಮಾಡಿದರೆ ಉಳಿದದ್ದು ಅರ್ಧ ತಾನಾಗೇ ಸರಿಹೋಗುತ್ತದೆ.

ಅವನ ಬ್ಯಾಗಿಗೆ ಎರಡನೇ ಡಬ್ಬಿ ಇಡಿ. ಬೇಯಿಸಿದ ಮೊಟ್ಟೆ ತಿನ್ನುವ ಮನೆಯಾದರೆ ಎರಡು ಮೊಟ್ಟೆ. ಇಲ್ಲದಿದ್ದರೆ ಹೆಸರುಕಾಳು ಅಥವಾ ಕಡಲೆಕಾಳಿನ ಉಸಲಿ, ತೋಟದ ಬಾಳೆಹಣ್ಣು, ಒಂದು ಹಿಡಿ ಹುರಿದ ಶೇಂಗಾ. ಮಂಡಕ್ಕಿಯೂ ಪರವಾಗಿಲ್ಲ, ಈರುಳ್ಳಿ, ಕ್ಯಾರೆಟ್, ಹುರಿಗಡಲೆ ಹಾಕಿ ಕಲಸಿದ್ದು. ಮಿರ್ಚಿ ಬೇಡ. (ಶಿವಮೊಗ್ಗದಲ್ಲಿದ್ದುಕೊಂಡು ಮಂಡಕ್ಕಿಗೆ ಮಿರ್ಚಿ ಬೇಡ ಎನ್ನುವುದು ಸುಲಭವಲ್ಲ ಅಂತ ನನಗೂ ಗೊತ್ತು.) ಹುಡುಗರ ಮುಂದೆ ಡಬ್ಬಿ ತೆಗೆಯಲು ಅವನಿಗೆ ನಾಚಿಕೆ ಆಗಬಹುದು. ಹಾಗಿದ್ದರೆ ಏನು ಇಟ್ಟುಕೊಂಡರೆ ನಾಚಿಕೆ ಇಲ್ಲ ಎಂದು ಅವನನ್ನೇ ಕೇಳಿ. ಗೋಬಿ ಪೂರ್ತಿ ನಿಲ್ಲಿಸಬೇಡಿ, ವಾರಕ್ಕೊಂದು ದಿನ ಇಟ್ಟುಕೊಳ್ಳಲಿ, ಯಾವ ದಿನ ಎನ್ನುವುದನ್ನು ಅವನೇ ಹೇಳಲಿ. ಪೂರ್ತಿ ನಿಷೇಧ ಹಾಕಿದ ಮನೆಗಳಲ್ಲಿ ಅದು ಗೆದ್ದದ್ದನ್ನು ನಾನು ಕಂಡಿಲ್ಲ.

ಎಂಟಕ್ಕೆ ಮನೆಗೆ ಬಂದ ಕೂಡಲೇ ಊಟ ಬಡಿಸಿಬಿಡಿ. ಒಂಬತ್ತೂವರೆವರೆಗೆ ಕಾಯುವುದರಿಂದ ಆಗುವುದೇನೆಂದರೆ, ಆ ಒಂದೂವರೆ ಗಂಟೆಯಲ್ಲಿ ಬಿಸ್ಕತ್ತು, ಚಕ್ಕುಲಿ, ಹಲಸಿನ ಹಪ್ಪಳ ಎಲ್ಲ ಒಳಗೆ ಹೋಗಿ, ಆಮೇಲೆ ಊಟವೂ ಹೋಗಿ, ಬೆಳಗ್ಗೆ ಎದ್ದಾಗ ಹೊಟ್ಟೆ ಭಾರ, ತಿಂಡಿ ಬೇಡ, ಮತ್ತೆ ಸಂಜೆಗೆ ಅದೇ ಹಸಿವು. ರಾತ್ರಿ ಊಟ ಬೇಗ ಆದರೆ ಬೆಳಗ್ಗೆ ಹಸಿವಾಗುತ್ತದೆ. ತಿಂಡಿ ತಿನ್ನು ಎಂದು ಗೋಗರೆಯಬೇಕಾಗಿಲ್ಲ. ಊಟದ ಹೊತ್ತಿನಲ್ಲಿ ಟಿವಿ, ಮೊಬೈಲ್ ಬೇಡ. ನೋಡುತ್ತಾ ತಿಂದರೆ ಎಷ್ಟು ತಿಂದೆ ಎನ್ನುವುದು ಗೊತ್ತಾಗುವುದಿಲ್ಲ, ದೊಡ್ಡವರಿಗೂ ಅಷ್ಟೇ.

ಇನ್ನು ನಿದ್ದೆ. ತೂಕದ ಮಾತು ಬಂದಾಗ ಇದನ್ನು ಯಾರೂ ಕೇಳುವುದಿಲ್ಲ, ಬರೀ ಊಟದ ಬಗ್ಗೆ ಕೇಳುತ್ತಾರೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಹನ್ನೆರಡಕ್ಕೆ ಮಲಗಿ ಶಾಲೆಯ ವ್ಯಾನಿಗೆ ಏಳುವ ನಿಮ್ಮ ಮಗನಿಗೆ ಏಳು ಗಂಟೆಯೂ ಸಿಗುತ್ತಿಲ್ಲ. ನಿದ್ದೆ ಕಮ್ಮಿಯಾದರೆ ಹಸಿವು ಹೆಚ್ಚಿಸುವ ಗ್ರೆಲಿನ್ ಎಂಬ ಹಾರ್ಮೋನು ಏರುತ್ತದೆ, ಹೊಟ್ಟೆ ತುಂಬಿತು ಎಂದು ಮೆದುಳಿಗೆ ಹೇಳುವ ಲೆಪ್ಟಿನ್ ಇಳಿಯುತ್ತದೆ. ಜೊತೆಗೆ ಸುಸ್ತು, ಆಟಕ್ಕೆ ಮನಸ್ಸಿಲ್ಲ. ಹರೆಯ ಶುರುವಾದಾಗ ನಿದ್ದೆ ಬರುವ ಹೊತ್ತು ಸಹಜವಾಗಿಯೇ ಒಂದೆರಡು ಗಂಟೆ ತಡವಾಗುತ್ತದೆ, ಅದು ಸೋಮಾರಿತನ ಅಲ್ಲ. ಆದರೆ ಮೊಬೈಲಿನ ಬೆಳಕು, ಒಂದರ ಹಿಂದೊಂದು ಬರುವ ರೀಲ್ಸು ಅದನ್ನು ಇನ್ನೂ ತಳ್ಳುತ್ತವೆ. ರಾತ್ರಿ ಹತ್ತಕ್ಕೆ ಮನೆಯ ಎಲ್ಲ ಮೊಬೈಲುಗಳೂ ಹಾಲ್‌ನಲ್ಲಿ ಚಾರ್ಜಿಗೆ ಹೋಗಲಿ. ಎಲ್ಲ ಅಂದರೆ ನಿಮ್ಮದೂ, ಶನಿವಾರ ಬರುವ ಅಪ್ಪನದೂ. ಅಲಾರಂಗೆ ಮೊಬೈಲು ಬೇಕು ಎನ್ನುತ್ತಾನೆ, ಒಂದು ಅಲಾರಂ ಗಡಿಯಾರ ತಂದುಕೊಡಿ.

ಓಡಾಟದ ವಿಷಯಕ್ಕೆ ಬರುತ್ತೇನೆ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂಥ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜಗತ್ತಿನಾದ್ಯಂತ 11ರಿಂದ 17 ವರ್ಷದವರಲ್ಲಿ ಶೇ 80ಕ್ಕೂ ಹೆಚ್ಚು ಮಕ್ಕಳಿಗೆ ಅದು ಆಗುತ್ತಿಲ್ಲ, ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಕಷ್ಟ. ಒಂದು ಗಂಟೆ ಒಟ್ಟಿಗೇ ಆಗಬೇಕೆಂದಿಲ್ಲ. ಶಾಲೆಯಿಂದ ಟ್ಯೂಷನ್ನಿಗೆ ನಡೆದು ಹೋಗುವಷ್ಟು ದೂರವಿದ್ದರೆ ನಡೆಯಲಿ, ಅಥವಾ ಸೈಕಲ್ ಕೊಡಿಸಿ. ಶಿವಮೊಗ್ಗ ಊರು ಹೆಚ್ಚೂಕಮ್ಮಿ ಸಮತಟ್ಟು, ತೀರ್ಥಹಳ್ಳಿಯ ಏರಿಳಿತ ಕಂಡ ಕಾಲಿಗೆ ಇಲ್ಲಿ ಸೈಕಲ್ ತುಳಿಯುವುದು ಕಷ್ಟವೇನಲ್ಲ. ಟ್ರಾಫಿಕ್ ಭಯ ಇದ್ದರೆ ಒಳರಸ್ತೆ ನೋಡಿಕೊಳ್ಳಿ. ಭಾನುವಾರ ಬೆಳಗ್ಗೆ ಅಪ್ಪ ಮಗ ಇಬ್ಬರೂ ನೆಹರೂ ಸ್ಟೇಡಿಯಂಗೋ ಫ್ರೀಡಂ ಪಾರ್ಕಿಗೋ ಹೋಗಿ ಬರಲಿ. ಯಜಮಾನರು ಶನಿವಾರ ಬರುವಾಗ ಬೇಕರಿ ಪೊಟ್ಟಣ ತರುತ್ತಾರೆ ಎಂದು ಊಹಿಸುತ್ತೇನೆ, ವಾರವಿಡೀ ಮಗನಿಂದ ದೂರ ಇರುವ ಅಪ್ಪಂದಿರು ತರುವುದೇ ಅದು, ತಪ್ಪು ಅನ್ನುವಂತಿಲ್ಲ. ಅದರ ಬದಲು ಎರಡು ಶಟಲ್ ಬ್ಯಾಟ್ ತರಲಿ. ತಿಂಗಳಿಗೊಮ್ಮೆಯಾದರೂ ಮಗನನ್ನೇ ಊರಿಗೆ ಕರೆಸಿಕೊಂಡರೆ ಇನ್ನೂ ಒಳ್ಳೆಯದು, ತೋಟದಲ್ಲಿ ಎರಡು ದಿನ ಓಡಾಡಲಿ.

ಮಳೆಗಾಲ ನಮ್ಮ ಕಡೆ ದೊಡ್ಡ ತೊಡಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರು, ಆಗಾಗ ಮಳೆ ರಜೆ. ರಜೆ ಅಂದರೆ ಹೊದಿಕೆ, ಮೊಬೈಲು, ಬಿಸಿ ಬಿಸಿ ಬಜ್ಜಿ. ವರ್ಷದ ಮೂರನೇ ಒಂದು ಭಾಗ ಹೀಗೆ ಹೋಗುತ್ತದೆ, ಮಳೆಗಾಲ ಮುಗಿಯುವಾಗ ತೂಕ ಏರಿರುವ ಮಕ್ಕಳು ಬಹಳ. ಅದಕ್ಕೆ ಮೊದಲೇ ಏರ್ಪಾಡು ಬೇಕು. ಹಗ್ಗ ಜಿಗಿಯಲು ಪೋರ್ಟಿಕೋದಷ್ಟು ಜಾಗ ಸಾಕು. ಸೂರ್ಯನಮಸ್ಕಾರಕ್ಕೆ ಒಂದು ಚಾಪೆ ಸಾಕು. ಹತ್ತಿರದಲ್ಲಿ ಒಳಾಂಗಣ ಶಟಲ್ ಕೋರ್ಟ್ ಇದ್ದರೆ ಆ ನಾಲ್ಕು ತಿಂಗಳಿಗೆ ದುಡ್ಡು ಕಟ್ಟಿ, ಟ್ಯೂಷನ್ನಿಗೆ ಕೊಡುವುದಿಲ್ಲವೇ? ಮನೆಗೆಲಸವನ್ನೂ ಮರೆಯಬೇಡಿ. ನೆಲ ಒರೆಸುವುದು, ಬಟ್ಟೆ ಒಗೆಯುವುದು, ಅಂಗಡಿಗೆ ಹೋಗಿ ಬರುವುದು ಗಂಡುಮಕ್ಕಳಿಗೂ ಬರಲಿ.

ಈಗ ಅನ್ನ. ಬಿಡಿಸಬೇಡಿ. ಅಜ್ಜನ ಕಾಲದಲ್ಲಿ ಬೆಳಗ್ಗೆ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ ಉಂಡವರು ತೋಟದಲ್ಲಿ ಇಡೀ ದಿನ ದುಡಿದರು, ತೆಳ್ಳಗೇ ಇದ್ದರು. ಹಾಗೆಂದು ಕೂತಿರುವವನು ಅಷ್ಟೇ ಉಣ್ಣಬಹುದು ಎಂದೂ ಅಲ್ಲ. ದಿನದ ಶಕ್ತಿಯಲ್ಲಿ ಧಾನ್ಯದ ಪಾಲು ಶೇ 45 ದಾಟಬಾರದು ಎನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಆಹಾರ ಸಂಸ್ಥೆ. ನಮ್ಮ ತಟ್ಟೆಯಲ್ಲಿ ಅದು ಎಷ್ಟೋ ಜಾಸ್ತಿ ಇರುತ್ತದೆ. ಚಪಾತಿಯೂ ಧಾನ್ಯವೇ, ಎಣ್ಣೆ ಹಚ್ಚಿದ ನಾಲ್ಕು ಚಪಾತಿ ತಿಂದು ಅನ್ನ ಬಿಟ್ಟೆ ಎಂದರೆ ಏನೂ ಉಳಿಯಲಿಲ್ಲ. ಅನ್ನ ಒಂದು ಸೌಟು ಕಮ್ಮಿ ಮಾಡಿ, ಪಲ್ಯ ಎರಡು ಸೌಟು ಜಾಸ್ತಿ ಮಾಡಿ, ಕಾಳು ಅಥವಾ ಮೊಟ್ಟೆ ಅಥವಾ ಮೀನು ದಿನವೂ ಇರಲಿ. ಮಲೆನಾಡಿನ ಅಡುಗೆಯಲ್ಲಿ ಇದಕ್ಕೆ ಬೇಕಾದ್ದೆಲ್ಲ ಇದೆ: ಒಂದೆಲಗದ ತಂಬುಳಿ, ಹುರುಳಿ ಸಾರು, ಕಳಲೆ ಪಲ್ಯ, ಹರಿವೆ ಸೊಪ್ಪು, ಮಜ್ಜಿಗೆ. ಪೇಟೆಗೆ ಬಂದ ಮೇಲೆ ಇವೇ ಮೊದಲು ಕಾಣೆಯಾಗುತ್ತವೆ, ಯಾಕೆಂದರೆ ಸೊಪ್ಪು ಹಿತ್ತಲಲ್ಲಿ ಇಲ್ಲ, ಬಿಡಿಸಿ ತೊಳೆಯಲು ಪುರಸೊತ್ತೂ ಇಲ್ಲ. ಯಜಮಾನರು ಬರುವಾಗ ಊರಿನ ಸೊಪ್ಪು, ಬಾಳೆಕಾಯಿ ತಂದರೆ ಅದು ಬೇಕರಿ ಪೊಟ್ಟಣಕ್ಕಿಂತ ಎಷ್ಟೋ ಮೇಲು.

ತೂಕ ಇಳಿಸುವ ಪೌಡರ್ ಕೊಡಲೇಬೇಡಿ. ಬೆಳೆಯುವ ಮಗುವಿನ ಊಟವನ್ನು ಡಬ್ಬಿಯ ಪುಡಿಗೆ ಬದಲಾಯಿಸುವುದು ತಪ್ಪು, ಅದರಲ್ಲಿ ಏನೇನು ಬೆರೆತಿದೆ ಎಂದು ತಂದುಕೊಟ್ಟವರಿಗೂ ಗೊತ್ತಿರುವುದಿಲ್ಲ. ಉಪವಾಸ, ಬರೀ ಜ್ಯೂಸು, ಇವೂ ಬೇಡ. ನಿಮ್ಮ ಮಗನ ತೂಕ ಇಳಿಯಲೇಬೇಕು ಎಂದು ಹಟ ಹಿಡಿಯಬೇಕಾಗಿಲ್ಲ. ಅವನಿನ್ನೂ ಎತ್ತರ ಬೆಳೆಯುತ್ತಿದ್ದಾನೆ. ತೂಕ 68ರ ಆಸುಪಾಸಿನಲ್ಲೇ ಒಂದು ವರ್ಷ ನಿಂತು, ಎತ್ತರ 166 ಆದರೆ ಬಿಎಂಐ 24.7ಕ್ಕೆ ಬರುತ್ತದೆ, ಏನೂ ಇಳಿಸದೆ. ಈ ಅವಕಾಶ ದೊಡ್ಡವರಿಗಿಲ್ಲ. ತಿಂಗಳಿಗೊಮ್ಮೆ ತೂಕ ನೋಡಿದರೆ ಸಾಕು, ದಿನಾ ನಿಲ್ಲಿಸಬೇಡಿ.

ಅವನಿಗೊಬ್ಬನಿಗೇ ಬೇರೆ ಅಡುಗೆ ಮಾಡಬೇಡಿ. ಮನೆಯವರೆಲ್ಲ ಒಂದೇ ಊಟ ಉಂಡಾಗಲೇ ಇದು ನಡೆಯುತ್ತದೆ. ಮದುವೆ ಮನೆಯಲ್ಲಿ ನೆಂಟರು "ಏನೋ ಡುಮ್ಮ" ಎಂದು ಕೆನ್ನೆ ಹಿಂಡಿದರೆ ನಗಬೇಡಿ, ಅಲ್ಲೇ ಮಾತು ನಿಲ್ಲಿಸಿ. ಈ ವಯಸ್ಸಿನವರಿಗೆ ಅದು ತಮಾಷೆ ಅಲ್ಲ. ಹೀಗೆ ಹಂಗಿಸಿಕೊಂಡ ಮಕ್ಕಳು ಆಟದ ಮೈದಾನಕ್ಕೆ ಹೋಗುವುದನ್ನೇ ಬಿಡುತ್ತಾರೆ, ಒಬ್ಬರೇ ಕೂತು ಜಾಸ್ತಿ ತಿನ್ನುತ್ತಾರೆ. ಇನ್ನೊಂದು ಮಾತು. ತೆಳ್ಳಗಿರುವ ಮಕ್ಕಳ ಅಮ್ಮಂದಿರು ಇದು ತಮಗಲ್ಲ ಎಂದುಕೊಳ್ಳಬಾರದು. 2016ರಿಂದ 18ರವರೆಗೆ ನಡೆದ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ ಹದಿಹರೆಯದವರಲ್ಲಿ ತೂಕ ಜಾಸ್ತಿ ಇದ್ದವರು ಸುಮಾರು ಶೇ 5, ಆದರೆ ಮಧುಮೇಹದ ಹಿಂದಿನ ಹಂತದಲ್ಲಿದ್ದವರು ಸುಮಾರು ಶೇ 10. ಕೂತು ಬೆಳೆದರೆ ತೆಳ್ಳಗಿದ್ದವರಿಗೂ ಸಕ್ಕರೆ ಬರಬಹುದು.

ಕೊನೆಗೆ, ಒಮ್ಮೆ ವೈದ್ಯರಿಗೆ ತೋರಿಸಿಕೊಳ್ಳಿ. ಅದಕ್ಕೂ ಮೊದಲು ಮನೆಯಲ್ಲೇ ಒಂದೆರಡು ನೋಡಿ. ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ ಮಖಮಲ್ಲಿನ ಹಾಗೆ ದಪ್ಪಗಾಗಿದೆಯಾ? ಅದು ಕೊಳೆ ಅಲ್ಲ, ಉಜ್ಜಬೇಡಿ, ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನುವ ಗುರುತು. ರಾತ್ರಿ ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟಿದಂತಾಗುತ್ತದಾ? ಸೊಂಟದ ಕೀಲು ಅಥವಾ ಮಂಡಿ ನೋವು ಎಂದು ಕುಂಟುತ್ತಾನಾ? ಕುಂಟುತ್ತಿದ್ದರೆ ಕಾಯದೆ ಅದೇ ದಿನ ತೋರಿಸಿ, ಈ ವಯಸ್ಸಿನ ದಪ್ಪ ಮಕ್ಕಳಲ್ಲಿ ಸೊಂಟದ ಕೀಲಿನಲ್ಲಿ ತೊಡೆಮೂಳೆಯ ಮೇಲ್ತುದಿ ಜಾರುವುದುಂಟು. ಉಳಿದದ್ದಕ್ಕೆ ಹದಿನೈದು ದಿನದೊಳಗೆ ಹೋದರೆ ಸಾಕು. ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ಹೋಗಬಹುದು, ನಿಮಗೆ ಗೊತ್ತಿರುವ ಮಕ್ಕಳ ವೈದ್ಯರಾದರೂ ಸರಿ. ರಕ್ತದೊತ್ತಡ, ಸಕ್ಕರೆ, ಕೊಬ್ಬು, ಲಿವರ್ ಪರೀಕ್ಷೆ ಮಾಡಿಸುತ್ತಾರೆ. ಥೈರಾಯ್ಡ್ ಅನುಮಾನ ನಿಮ್ಮ ಮನಸ್ಸಿನಲ್ಲಿ ಉಳಿದಿದ್ದರೆ ಅದೇ ರಕ್ತದಲ್ಲಿ ಅದನ್ನೂ ನೋಡಲು ಹೇಳಿ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ, ಶಾಲೆಯ ಹಳೆಯ ಆರೋಗ್ಯ ಕಾರ್ಡುಗಳಲ್ಲಿ ಎತ್ತರ, ತೂಕ ಬರೆದಿದ್ದರೆ ಒಟ್ಟಿಗೆ ಒಯ್ಯಿರಿ, ಮತ್ತು ರಕ್ತ ಕೊಟ್ಟ ಮೇಲೆ ತಿನ್ನಲು ಅವನಿಗೆ ಮನೆಯಿಂದಲೇ ಡಬ್ಬಿ ಕಟ್ಟಿಕೊಂಡು ಹೋಗಿ.